ಸೂರ್ಯನಿಗೊಂದು, ಚಂದ್ರನಿಗೊಂದು

ಕಾಂಪೌಂಡರ್ ಚಿಕ್ಕಹನುಮಯ್ಯನವರ ಬಾಯಿ ದೊಡ್ಡದು ಎಂದು ಆ ಸೀಮೆಗೆಲ್ಲ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಅದರ ಬಗ್ಗೆ ಅವರಿಗೆ ನಾಚಿಕೆಯೇನೂ ಇರಲಿಲ್ಲ. ಪಾವಗಡ ತಾಲ್ಲೂಕಿನ ಗಡಿಯಂಚಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಊರಿನ ಹೆಸರು ಬೇಡ, ಅಲ್ಲಿಯವರು ಇವತ್ತಿಗೂ ಇಂಥದ್ದಕ್ಕೆ ಜಗಳ ತೆಗೆಯುವ ಜನ. ಡಾಕ್ಟರು ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು, ಯಾರಿಗೂ ಓದಲಾಗದ ಚೀಟಿ ಬರೆದು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಆ ಚೀಟಿಯನ್ನು ಮನುಷ್ಯರ ಮಾತಿಗೆ ಇಳಿಸುವ ಕೆಲಸ ಚಿಕ್ಕಹನುಮಯ್ಯನವರದು. ಔಷಧದ ಕಿಟಕಿಯಲ್ಲಿ ಕುಳಿತು, ಹಳೇ ಪೇಪರಿನ ಚೂರಿನಲ್ಲಿ ಮಾತ್ರೆ ಕಟ್ಟಿ, ಪೊಟ್ಟಣವನ್ನು ಕೈಗೆ ಕೊಡುವ ಮೊದಲು ಒಂದು ಭಾಷಣ ಬಿಗಿಯುತ್ತಿದ್ದರು.

"ಇಲ್ಲಿ ನೋಡು. ಬೆಳಿಗ್ಗೆ ಉಂಡ ಮ್ಯಾಲೆ ಒಂದು, ರಾತ್ರಿ ಉಂಡ ಮ್ಯಾಲೆ ಒಂದು. ಬರೀ ಹೊಟ್ಟೇಲಿ ನುಂಗೀಯ, ಕರುಳು ಸುಟ್ಟೋಗ್ತದೆ. ಒಂದಿನಾನೂ ಬುಡಂಗಿಲ್ಲ. ಬುಟ್ಟೆ ಅಂದ್ರೆ ನನ್ನ ಕಿಟಕಿ ತಾವ ಬರ್‍ಬ್ಯಾಡ. ತಿಳೀತಾ?"

ಎಲ್ಲರೂ ತಿಳೀತು ಎಂದು ತಲೆಯಾಡಿಸುತ್ತಿದ್ದರು. ಕಿಟಕಿಯ ಸರಳಿನ ಹಿಂದಿನಿಂದ ಅಷ್ಟು ಗಟ್ಟಿಯಾಗಿ ಕೇಳಿದರೆ ಯಾರು ತಾನೇ ತಿಳಿಯಲಿಲ್ಲ ಎಂದಾರು.

ಕ್ಷಯದವರಿಗೆ ಬೇರೆಯದೇ ಒಂದು ಉದ್ದನೆಯ ರಿಜಿಸ್ಟರಿತ್ತು. ಅವರು ತಿಂಗಳಿಗೊಮ್ಮೆ ಬಂದು ಅರವತ್ತು ಮಾತ್ರೆ ಒಯ್ಯಬೇಕು, ಹೀಗೆ ಒಂದು ವರ್ಷ ನಡೆಯಬೇಕು. ರಿಜಿಸ್ಟರಿನ ಕೊನೆಯ ಕಲಮಿಗೆ 'ಷರಾ' ಎಂದು ಹೆಸರು. ಮಾತ್ರೆ ಉಳಿಸಿಕೊಂಡು ಬಂದವರ ಹೆಸರಿನ ಮುಂದೆ ಚಿಕ್ಕಹನುಮಯ್ಯನವರು ಅಲ್ಲಿ ಕೆಂಪು ಶಾಯಿಯಲ್ಲಿ 'ಸೂಚನೆ ಪಾಲಿಸಿಲ್ಲ' ಎಂದು ದುಂಡಗೆ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಗೊಲ್ಲರಹಟ್ಟಿಯ ಭೀಮಕ್ಕ ಎಂಬ ಹೆಂಗಸಿನ ಮುಂದೆ ಹಾಗೆ ಐದು ತಿಂಗಳು ಸತತವಾಗಿ ಬರೆದಿದ್ದರು. ಪ್ರತಿ ತಿಂಗಳೂ ಅವಳು ಮೂವತ್ತು ಮಾತ್ರೆಗಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ತಂದು ಕಿಟಕಿಯ ಹಲಗೆಯ ಮೇಲೆ ಸುರಿಯುತ್ತಿದ್ದಳು. "ನೀವು ಹೇಳ್ದಂಗೇ ತಗಂಡಿವ್ನಿ ಸಾರ್" ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಕಣ್ಣೆದುರಿಗೇ ಮೂವತ್ತು ಮಾತ್ರೆ ಬಿದ್ದಿರುವಾಗ ಇದೆಂಥ ಸುಳ್ಳು ಎಂದು ಅವರು ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಬೈದಿದ್ದರು. ಆರನೇ ತಿಂಗಳು ಅವಳು ಬರಲಿಲ್ಲ. ಅವಳು ಸತ್ತ ಸುದ್ದಿ ಬಂದಾಗ ಅವರಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಆಮೇಲೆ ಯಾರಾದರೂ ಮಾತ್ರೆ ಬಿಟ್ಟರೆ "ಭೀಮಕ್ಕನ ಗತಿ ಗೊತ್ತಲ್ಲ" ಎಂದು ಹೆದರಿಸುವುದಕ್ಕೆ ಅವಳ ಹೆಸರು ಅವರ ಭಾಷಣದೊಳಗೆ ಸೇರಿಕೊಂಡಿತು.

ಸಾವಿರದ ಒಂಬೈನೂರ ಎಂಬತ್ನಾಲ್ಕರ ಕಾರ್ತಿಕದಲ್ಲಿ, ಹೊಲಗಳಲ್ಲಿ ಕಡಲೆಕಾಯಿ ಕಿತ್ತಾದ ಮೇಲೆ, ಆ ಕಿಟಕಿಯ ಹತ್ತಿರ ಒಬ್ಬ ಹುಡುಗಿ ಬಂದು ನಿಂತಳು. ಹೆಸರು ರಾಜಲಕ್ಷ್ಮಮ್ಮ. ಇಪ್ಪತ್ತೆರಡು ವರ್ಷದವಳಿಗೆ ಅಜ್ಜಿಯ ಹೆಸರನ್ನು ಅಷ್ಟುದ್ದಕ್ಕೂ ಇಟ್ಟುಬಿಟ್ಟಿದ್ದರು. ಕೊರಟಗೆರೆಯ ಹೈಸ್ಕೂಲು ಮೇಷ್ಟರೊಬ್ಬರ ಮಗಳು. ಬೆಂಗಳೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ವೈ.ಎನ್.ಹೊಸಕೋಟೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಎರಡು ತಿಂಗಳು ಉಳಿದು ಪ್ರಾಜೆಕ್ಟ್ ಮುಗಿಸಿಕೊಂಡು ಹೋಗಲು ಬಂದಿದ್ದಳು.

ಅವಳ ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟರೊಬ್ಬರು ವಿಚಿತ್ರವಾದ ಪಾಠ ಶುರು ಮಾಡಿದ್ದರು. ದಿನಬಳಕೆಯ ಒಂದು ವಸ್ತು ಹಿಡಿಯಿರಿ, ಅದನ್ನು ಬಳಸುವವರ ಕಣ್ಣಿನಿಂದ ನೋಡಿ ಹೊಸದಾಗಿ ರೂಪಿಸಿ, ರೂಪಿಸಿದ್ದು ಜನರ ತಲೆಗೆ ಹತ್ತುತ್ತದೋ ಇಲ್ಲವೋ ಪ್ರಯೋಗ ಮಾಡಿ ಅಳೆಯಿರಿ ಎಂದಿದ್ದರು. ಒಬ್ಬ ಸೀಮೆಎಣ್ಣೆ ಸ್ಟೌವಿನ ಕೀಲಿ ಹಿಡಿದ, ಇನ್ನೊಬ್ಬಳು ಬಸ್ಸಿನ ಬೋರ್ಡು ಹಿಡಿದಳು. ರಾಜಲಕ್ಷ್ಮಮ್ಮ ಹಿಡಿದದ್ದು ಮಾತ್ರೆಯ ಪೊಟ್ಟಣವನ್ನು. ಓದು ಬಾರದವರಿಗೂ ಅರ್ಥವಾಗುವ ಲಕೋಟೆಯೊಂದನ್ನು ಅವಳೇ ಬರೆದು ಅಚ್ಚು ಹಾಕಿಸಿದ್ದಳು. ಮೇಲೆ ಗುಡ್ಡದ ಹಿಂದಿನಿಂದ ಏಳುವ ಸೂರ್ಯ, ಅದರ ಪಕ್ಕ ದುಂಡಗೆ ಒಂದು ಮಾತ್ರೆ. ಕೆಳಗೆ ಕಪ್ಪು ಆಕಾಶದಲ್ಲಿ ಗೆರೆಚಂದ್ರ, ಅದರ ಪಕ್ಕ ಒಂದು ಮಾತ್ರೆ. ಬೆಂಗಳೂರಿನಲ್ಲಿ ಅರವತ್ತು ಜನಕ್ಕೆ ತೋರಿಸಿದಾಗ ಐವತ್ತೊಂಬತ್ತು ಜನ ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ತಟ್ಟನೆ ಹೇಳಿದ್ದರಂತೆ. ಅರವತ್ತನೆಯವನು ತಮಾಷೆಗೆ ತಪ್ಪು ಹೇಳಿದ ಎಂದು ಅವಳ ನಂಬಿಕೆ.

ಡಾಕ್ಟರ ಒಪ್ಪಿಗೆಯ ಕಾಗದ ತೋರಿಸಿ ಅವಳು ಏರ್ಪಾಡು ವಿವರಿಸಿದಳು. ಕ್ಷಯದ ಇಪ್ಪತ್ನಾಲ್ಕು ಜನರ ಹೆಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಹನ್ನೆರಡು ಜನಕ್ಕೆ ಎಂದಿನಂತೆ ಪೇಪರಿನ ಪೊಟ್ಟಣ ಮತ್ತು ಕಾಂಪೌಂಡರರ ಬಾಯಿಮಾತು. ಇನ್ನು ಹನ್ನೆರಡು ಜನಕ್ಕೆ ಚಿತ್ರದ ಲಕೋಟೆ ಮಾತ್ರ.

"ಲಕೋಟೆ ಕೊಡುವಾಗ ನೀವು ಒಂದು ಮಾತೂ ಆಡಬಾರದು ಸಾರ್" ಎಂದಳು.

"ಒಂದ್ ಮಾತೂವಾ?"

"ಅವರಾಗಿ ಕೇಳಿದರೂ ಹೇಳಬಾರದು. ಒಂದು ತಿಂಗಳು. ನೀವು ಹೇಳಿಬಿಟ್ಟರೆ ಅರ್ಥವಾಗಿದ್ದು ಚಿತ್ರದಿಂದಲೋ ನಿಮ್ಮಿಂದಲೋ ಅಂತ ನನಗೆ ಗೊತ್ತಾಗಲ್ಲ."

ಚಿಕ್ಕಹನುಮಯ್ಯನವರು ಒಪ್ಪಿದರು. ಡಾಕ್ಟರ ಕಾಗದ ಇದ್ದದ್ದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಸವೆಸಿದ ತಮ್ಮ ನಾಲಿಗೆಯ ಮುಂದೆ ಈ ಕಾಗದದ ಚೂರು ಎಷ್ಟು ದಿನ ನಿಲ್ಲುತ್ತದೆ, ನೋಡಿಯೇ ಬಿಡೋಣ ಎಂದುಕೊಂಡರು. ಚಿತ್ರ ಸೋಲಲಿ ಎಂದು ಅವರು ಮನಸ್ಸಿನೊಳಗೆ ಬಯಸಿದ್ದರು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಶುಕ್ರವಾರ ಎಲ್ಲರೂ ಬಂದರು. ಲಕೋಟೆ ಕೊಡುವ ಮೊದಲು ರಾಜಲಕ್ಷ್ಮಮ್ಮ ಒಬ್ಬೊಬ್ಬರನ್ನೇ ಜಗಲಿಯಲ್ಲಿ ಕೂರಿಸಿ ನೆನಪಿನ ಪರೀಕ್ಷೆ ಮಾಡಿದಳು. ಹನ್ನೆರಡು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ, ಸ್ಟಾಪ್‌ವಾಚು ಒತ್ತಿ, ನೆನಪಿದ್ದಷ್ಟು ಹೇಳಿ ಎನ್ನುತ್ತಿದ್ದಳು. ಭೀಮಕ್ಕನ ತಮ್ಮ ಯತ್ತಪ್ಪನ ಸರದಿ ಬಂತು. ಅಕ್ಕನ ರೋಗವೇ ಅವನಿಗೂ ಹಿಡಿದು ನಾಲ್ಕು ತಿಂಗಳಾಗಿತ್ತು. ಅವನು ಹೆಗಲ ಕಂಬಳಿ ತೆಗೆದು ಮಡಿಸಿಟ್ಟು, ಕಾರ್ಡುಗಳನ್ನು ಭಕ್ತಿಯಿಂದ ನೋಡಿದ. ಟೆಲಿಫೋನು, ಕೊಡೆ, ಬೂಟು, ಗಡಿಯಾರ, ಟೈ ಕಟ್ಟಿದ ಸಾಹೇಬ, ಕುರಿ, ಹೀಗೆ. ಮುಗಿದ ಮೇಲೆ ಅವನು ಹೇಳಿದ್ದು ಮೂರೇ.

"ಕುರಿ ಇತ್ತು. ಕೊಡೆ ಇತ್ತು. ಇನ್ನೊಬ್ಬ ಕೊರಳಿಗೆ ಹಗ್ಗ ಬಿಗ್ಕಂಡೋನು ಇದ್ದ" ಎಂದ. ಕಂಬಳಿ ಎತ್ತಿಕೊಳ್ಳುತ್ತ, "ಆ ಕುರಿ ನಮ್ಮ ಸೀಮೇದಲ್ಲ ಕಣಮ್ಮ. ಕಿವಿ ನೋಡಿದ್ರೆ ಬ್ಯಾರೆ ಕಡೇದು" ಎಂದ.

ರಾಜಲಕ್ಷ್ಮಮ್ಮ ಪುಸ್ತಕದಲ್ಲಿ 'ಹನ್ನೆರಡಕ್ಕೆ ಮೂರು, ಜ್ಞಾಪಕಶಕ್ತಿ ಕಡಿಮೆ' ಎಂದು ಬರೆದುಕೊಂಡಳು. ಕಿಟಕಿಯೊಳಗಿನಿಂದ ಇದನ್ನು ನೋಡುತ್ತಿದ್ದ ಚಿಕ್ಕಹನುಮಯ್ಯನವರಿಗೆ ನಗು ಬಂತು. ಯತ್ತಪ್ಪನ ಮಂದೆಯಲ್ಲಿ ನೂರ ನಲವತ್ತು ಕುರಿ. ಕತ್ತಲಲ್ಲಿ ಬೆನ್ನು ಸವರಿ ಇದು ಯಾವ ತಾಯಿಯ ಮರಿ ಎಂದು ಹೇಳುವವನು ಅವನು. ಹೇಳಿಬಿಡೋಣವೆಂದು ಬಾಯಿ ತೆರೆದವರು ಕರಾರು ನೆನಪಾಗಿ ಎಲೆ ಅಡಿಕೆ ತುಂಬಿಕೊಂಡು ಮುಚ್ಚಿದರು. ಆ ತಿಂಗಳು ಅವರು ತಿಂದಷ್ಟು ಎಲೆ ಅಡಿಕೆಯನ್ನು ಆಮೇಲೆ ಯಾವ ತಿಂಗಳೂ ತಿನ್ನಲಿಲ್ಲ.

ಚೀಟಿಯಲ್ಲಿ ಯತ್ತಪ್ಪನಿಗೆ ಲಕೋಟೆ ಬಿತ್ತು. ಪೊಟ್ಟಣ ಬದಲಾದದ್ದು ನೋಡಿ ಮಾತ್ರೆಯೂ ಬದಲಾಗಿರಬೇಕು ಎಂದುಕೊಂಡ. ಕಿಟಕಿಯ ಮುಂದೆ ನಿಂತು, ಭಾಷಣಕ್ಕಾಗಿ ಕಾದ. ಚಿಕ್ಕಹನುಮಯ್ಯನವರು ಲಕೋಟೆ ಕೊಟ್ಟು ಸುಮ್ಮನಾದರು.

"ಏನೂ ಹೇಳಲ್ವಾ ಸಾರ್?"

ಅವರು ತುಂಬಿದ ಬಾಯಿಯಲ್ಲೇ ಲಕೋಟೆಯ ಕಡೆ ಬೊಟ್ಟು ಮಾಡಿದರು. ಯತ್ತಪ್ಪ ಅದನ್ನು ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದ. ಕಾಂಪೌಂಡರಿಗೆ ತನ್ನ ಮೇಲೆ ಏನೋ ಬೇಸರವಾಗಿದೆ ಎಂಬ ಮುಖ ಮಾಡಿಕೊಂಡು ಹೋದ. ಆ ಮುಖ ಅವರಿಗೆ ಊಟದ ಹೊತ್ತಿನವರೆಗೂ ಚುಚ್ಚುತ್ತಿತ್ತು.

ಮೂರು ವಾರ ಕಳೆಯಿತು. ಒಂದು ಶನಿವಾರ ಮಧ್ಯಾಹ್ನ ಚಿಕ್ಕಹನುಮಯ್ಯನವರು ಸೈಕಲ್ಲಿನಲ್ಲಿ ಕೆರೆ ಏರಿಯ ಮೇಲೆ ಬರುತ್ತಿದ್ದಾಗ ಯತ್ತಪ್ಪನ ಮಂದೆ ಅಡ್ಡ ಬಂತು. ಕುರಿಗಳು ದಾಟುವವರೆಗೆ ಅವರು ಕಾಲೂರಿ ನಿಂತರು. ಯತ್ತಪ್ಪ ಹತ್ತಿರ ಬಂದು ಕೈ ಮುಗಿದ. ಮೊದಲಿಗಿಂತ ಸೊರಗಿದ್ದ. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ.

"ಇವತ್ತು ಅಮಾಸೆ ಕದಾ ಸಾಮಿ" ಎಂದ ಗಡಿಯ ತೆಲುಗು ಬೆರೆತ ಕನ್ನಡದಲ್ಲಿ, ಸಮಾಧಾನದಿಂದ. "ರಾತ್ರಿ ಮಾತ್ರೆಗೆ ರಜಾ. ಇನ್ನು ನಾಡಿದ್ದು ಚಂದ್ರ ಕಂಡ ಮ್ಯಾಲೇನೆ."

ಚಿಕ್ಕಹನುಮಯ್ಯನವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಲಕೋಟೆಯಲ್ಲಿ ಚಂದ್ರ ಇದ್ದಾನೆ, ಹಾಗಾಗಿ ಚಂದ್ರ ಹುಟ್ಟಿದ ಮೇಲೆ ಮಾತ್ರೆ. ಬೇರೆಯವರಾದರೆ ಚಂದ್ರನೆಂದರೆ ರಾತ್ರಿ ಎಂದುಕೊಂಡು ನುಂಗಿ ಮಲಗುತ್ತಿದ್ದರು. ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಿ ರಾತ್ರಿಯೆಲ್ಲ ಕಾಯುವ ಯತ್ತಪ್ಪನಿಗೆ ಚಂದ್ರನೆಂದರೆ ಚಂದ್ರನೇ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಎರಡು ಗಳಿಗೆ ತಡವಾಗಿ ಹುಟ್ಟುತ್ತಾನೆ ಎಂಬುದು ಅವನಿಗೆ ಪಾಠ ಹೇಳಿ ಗೊತ್ತಾಗಬೇಕಾದ್ದಲ್ಲ. ಮಾತ್ರೆಯೂ ದಿನಕ್ಕೆ ಎರಡು ಗಳಿಗೆ ತಡವಾಗುತ್ತ ಹೋಗಿತ್ತು.

ಬಾಯಿ ತೆರೆದರು. ಎಲೆ ಅಡಿಕೆ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಒಂದು ತಿಂಗಳು ಎಂದು ಮಾತು ಕೊಟ್ಟಿದ್ದರು. ಇನ್ನು ಎಂಟು ದಿನ ಬಾಕಿ. ಜೊತೆಗೆ ಒಳಗೊಳಗೆ ಒಂದು ಸಣ್ಣ ಸಂತೋಷ ಹೆಡೆ ಎತ್ತಿತ್ತು. ಸೋತಿತಲ್ಲ, ಚಿತ್ರ ಸೋತಿತಲ್ಲ ಎಂದು. ಆ ಸಂತೋಷ ಬಂದದ್ದಕ್ಕೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಯತ್ತಪ್ಪ ಕೆಮ್ಮುತ್ತಲೇ ಏರಿ ಇಳಿದು ಹೋದ. ಅವರು ಸೈಕಲ್ಲನ್ನು ಆಸ್ಪತ್ರೆಯ ಕಡೆ ತಿರುಗಿಸಲಿಲ್ಲ, ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಹೊಸಕೋಟೆ ಬಸ್ಸು ಹತ್ತಿದರು.

ರಾಜಲಕ್ಷ್ಮಮ್ಮ ಅತ್ತೆಯ ಮನೆಯ ಜಗಲಿಯಲ್ಲಿ ಕುಳಿತು ಗೆರೆ ಹಾಕಿದ ಹಾಳೆಯಲ್ಲಿ ಅಂಕಿ ತುಂಬುತ್ತಿದ್ದಳು. ಅವರು ನಿಂತುಕೊಂಡೇ ಎಲ್ಲ ಹೇಳಿದರು. ಅವಳ ಮುಖ ಸಪ್ಪಗಾಯಿತು.

"ಅಮಾವಾಸ್ಯೆಗೆ ರಜಾ ಅಂದರಾ" ಎಂದು ಮತ್ತೊಮ್ಮೆ ಕೇಳಿದಳು.

"ಅಂದ. ಆವಯ್ಯನ ಎದೆ ಗೊರಗೊರ ಅಂತಾದೆ. ನಾನ್ ಹೋಗಿ ಹೇಳ್ಬುಡ್ತೀನಿ ಕಣಮ್ಮ. ನಿನ್ನ ಕರಾರು ಇಲ್ಲಿಗೆ ಮುಗೀತು."

"ನೀವು ಒಬ್ಬರಿಗೆ ಹೇಳಿದರೆ ಇಪ್ಪತ್ನಾಲ್ಕು ಜನರ ಲೆಕ್ಕವೂ ಕೆಡುತ್ತೆ ಸಾರ್. ಮೇಷ್ಟ್ರು ಅರ್ಧ ಮಾಡಿದ ಪ್ರಯೋಗ ತಗೊಳ್ಳಲ್ಲ. ನಾನು ಇನ್ನೊಂದು ವರ್ಷ ಕೂರಬೇಕಾಗುತ್ತೆ." ಅವಳು ಪೆನ್ಸಿಲ್ಲನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದಳು. "ಅಪ್ಪ ಈ ವರ್ಷ ರಿಟೈರ್ ಆಗ್ತಾರೆ."

ಚಿಕ್ಕಹನುಮಯ್ಯನವರಿಗೆ ರೇಗಿತು. "ನಾನ್ ಬಾಯಲ್ಲಿ ಹೇಳಿದ್ದಿದ್ರೆ ಇಂಗಾಗ್ತಿತ್ತಾ? ಇಪ್ಪತ್ತೆರಡು ವರ್ಷದಿಂದ ಹೇಳ್ತಾ ಇವ್ನಿ. ಒಬ್ಬನಾದ್ರೂ ಚಂದ್ರನ್ನ ನೋಡ್ಕಂಡು ಮಾತ್ರೆ ನುಂಗವ್ನಾ?"

ಹುಡುಗಿ ತಲೆ ಎತ್ತಿ ಅವರನ್ನೇ ನೋಡಿದಳು.

"ನೀವು ಹೇಳಿದ್ದು ಅವರಿಗೆ ಏನು ಅಂತ ಅರ್ಥವಾಯಿತು ಅಂತ, ಯಾವತ್ತಾದರೂ ಅವರನ್ನೇ ಕೇಳಿದ್ದೀರಾ ಸಾರ್?"

"ತಿಳೀತಾ ಅಂತ ದಿನಾ ಕೇಳ್ತೀನಿ."

"ತಿಳೀತು ಅಂತಾರೆ. ಏನು ತಿಳೀತು ಅಂತ ಕೇಳಿದ್ದೀರಾ?"

ಒಳಗಿನಿಂದ ಅತ್ತೆ ಕಾಫಿ ತಂದುಕೊಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಡಿದರು. ಲೋಟ ಕೆಳಗಿಟ್ಟು ರಾಜಲಕ್ಷ್ಮಮ್ಮ ಅಂಕಿಯ ಹಾಳೆಯನ್ನು ಎರಡಾಗಿ ಮಡಿಸಿದಳು.

"ಎಂಟು ದಿನ ಕಾದರೆ ನನ್ನ ಪ್ರಾಜೆಕ್ಟು ಉಳಿಯುತ್ತೆ. ಆತನಿಗೇನಾದರೂ ಆದರೆ ಆ ಪ್ರಾಜೆಕ್ಟನ್ನ ನಾನೇ ಮುಟ್ಟಲಾರೆ" ಎಂದಳು. "ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬರ್ತೀನಿ. ಎರಡೂ ಗುಂಪಿನವರನ್ನ ಅವರವರ ಜಾಗದಲ್ಲೇ ಹೋಗಿ ಕೇಳೋಣ. ನೀವು ಬಾಯಲ್ಲಿ ಹೇಳಿದವರನ್ನೂ."

"ಬಾರಮ್ಮ. ಕೇಳು. ಕೇಳಿ ನೋಡು" ಎಂದರು ಚಿಕ್ಕಹನುಮಯ್ಯನವರು. ದನಿ ಜೋರಾಗಿತ್ತು, ಆದರೆ ಬಸ್ಸಿನಲ್ಲಿ ಹಿಂತಿರುಗುವಾಗ ಆ ಪ್ರಶ್ನೆ ಪಕ್ಕದ ಸೀಟಿನಲ್ಲೇ ಕುಳಿತು ಬಂದಂತಿತ್ತು.

ಭಾನುವಾರ ಬೆಳಿಗ್ಗೆ ಮೊದಲು ಗೊಲ್ಲರಹಟ್ಟಿಗೆ ಹೋದರು. ಯತ್ತಪ್ಪ ಇರಲಿಲ್ಲ. ತಿರುಮಣಿ ದಾರಿಯ ಯಾರದೋ ಹೊಲದಲ್ಲಿ ಮಂದೆ ಬಿಟ್ಟಿದ್ದಾನೆ, ಬಲಸಮುದ್ರದ ಕಡೆ ಕೇಳಿದರೆ ಹೇಳುತ್ತಾರೆ ಎಂದರು. ಅವನನ್ನು ಹುಡುಕುತ್ತ ನಡೆದ ದಾರಿಯಲ್ಲೇ ಉಳಿದವರ ಮನೆಗಳು ಸಿಕ್ಕಿದವು. ಪೆದ್ದಮ್ಮ ಎಂಬ ಮುದುಕಿ ಲಕೋಟೆಯನ್ನು ದೇವರ ಗೂಡಿನಲ್ಲಿಟ್ಟು, ಚಿತ್ರ ನೋಡಿ ಒಂದು ದಿನವೂ ತಪ್ಪದೆ ಸರಿಯಾಗಿ ನುಂಗಿದ್ದಳು. ರಾಜಲಕ್ಷ್ಮಮ್ಮನ ಮುಖ ಸ್ವಲ್ಪ ಅರಳಿತು. ಚಿಕ್ಕಹನುಮಯ್ಯನವರು ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಂಡರು.

ಬಲಸಮುದ್ರದಲ್ಲಿ ಅಂಜನಪ್ಪ ಸಿಕ್ಕಿದ. ಅವನು ಬಾಯಿಮಾತಿನ ಗುಂಪಿನವನು. ಚಿಕ್ಕಹನುಮಯ್ಯನವರು ಹುಡುಗಿಯನ್ನು ಅವನ ಮುಂದೆ ಠೀವಿಯಿಂದ ನಿಲ್ಲಿಸಿದರು.

"ನಾನೇನ್ ಹೇಳಿದ್ದೆ, ಈಯಮ್ಮನಿಗೆ ಹೇಳ್ಲಾ."

"ಹೊತ್ತಾರೆ ಉಂಡು ಒಂದು. ರಾತ್ರಿ ಎಂಟು ಗಂಟೆ ಬಸ್ಸು ಬಂದಾಗ ಉಂಡು ಒಂದು" ಎಂದ ಅಂಜನಪ್ಪ ಗಿಣಿಯಂತೆ.

ಗಡಿಯಾರವಿಲ್ಲದವನಿಗೆ ಬಸ್ಸಿನ ಗುರುತು ಹೇಳಿದ್ದು ಚಿಕ್ಕಹನುಮಯ್ಯನವರದೇ ಉಪಾಯ. ಅವರು ಮೀಸೆಯ ಮೇಲೆ ಕೈಯಾಡಿಸಿದರು.

"ದಿನಾ ತಗೊಂಡ್ರಾ?" ಎಂದು ರಾಜಲಕ್ಷ್ಮಮ್ಮ ಕೇಳಿದಳು.

"ಬಸ್ಸು ಬಂದಾಗೆಲ್ಲ ತಗಂಡೆ ಕಣಮ್ಮ. ಮೋರಿ ಕುಸಿದು ಹನ್ನೊಂದು ದಿನದಿಂದ ನಮ್ಮೂರಿಗೆ ಬಸ್ಸೇ ಬರ್ತಾ ಇಲ್ಲ. ಅದಕ್ಕೇ ಮಾತ್ರೆ ಅಂಗೇ ಅವೆ."

ಹೀಗೇ ಮಧ್ಯಾಹ್ನದವರೆಗೆ ನಡೆಯಿತು. ಒಬ್ಬ ಎರಡನ್ನೂ ಒಟ್ಟಿಗೆ ನುಂಗಿದ್ದ, ಎರಡು ಸಲ ನೀರು ಕುಡಿಯುವುದೇಕೆ ಎಂದು. ಒಬ್ಬಳು ಕೆಮ್ಮು ನಿಂತ ದಿನವೇ ನಿಲ್ಲಿಸಿದ್ದಳು, ಬಿಡಬೇಡ ಎಂದದ್ದು ಕೆಮ್ಮು ಇರುವವರೆಗೆ ಎಂದುಕೊಂಡು. ಸಿಕ್ಕವರು ಹದಿನಾರು ಜನ. ಚಿತ್ರದ ಎಂಟು ಜನರಲ್ಲಿ ಐವರು ಸರಿ, ಬಾಯಿಮಾತಿನ ಎಂಟು ಜನರಲ್ಲಿ ನಾಲ್ವರು ಸರಿ. ರಾಜಲಕ್ಷ್ಮಮ್ಮ ಗೆದ್ದೆ ಎನ್ನಲಿಲ್ಲ. ಚಿಕ್ಕಹನುಮಯ್ಯನವರು ಮಾತನ್ನೇ ಆಡಲಿಲ್ಲ. ಕರಾರು ಮುಗಿದಿದ್ದರೂ ಅವರ ಬಾಯಿಗೆ ಯಾರೋ ಬೀಗ ಹಾಕಿದಂತಾಗಿತ್ತು.

ಹೊತ್ತು ಇಳಿಯುವಾಗ, ಕಡಲೆಕಾಯಿ ಕಿತ್ತ ಒಂದು ಕೆಂಪು ಹೊಲದಲ್ಲಿ ಯತ್ತಪ್ಪ ಸಿಕ್ಕಿದ. ರಾತ್ರಿಗೆ ಕುರಿ ಕೂಡಲು ಮುಳ್ಳಿನ ರೊಪ್ಪ ಕಟ್ಟುತ್ತಿದ್ದ. ಇಬ್ಬರನ್ನೂ ಕಂಡು ಗಾಬರಿಯಾಗಿ ಕಂಬಳಿ ಹಾಸಿ ಕೂರಿಸಿದ. ಕೇಳಿದಾಗ ಲಕೋಟೆಯನ್ನು ಎದೆಯ ಜೇಬಿನಿಂದ ತೆಗೆದು ಮಡಿಕೆ ಬಿಡಿಸಿದ.

"ಮೊದಲು ನಂಗೆ ಅನುಮಾನ ಬಂತು ತಾಯಿ. ಇಲ್ಲಿ ಬರ್ದಿರೋದು ಬಿದಿಗೆ ಚಂದ್ರ. ತಿಂಗಳಿಗೆ ಒಂದೇ ದಿನ ಬರೋನು. ಅವನಿಗೆ ಮಾತ್ರ ಅಂದ್ರೆ ಒಂದು ಮಾತ್ರೆ ಸಾಕು. ಇಷ್ಟೊಂದು ಯಾಕೆ ಕೊಟ್ರು? ಅಂಗಾರೆ ಎಲ್ಲಾ ಚಂದ್ರನಿಗೂ ಇರಬೇಕು ಅಂತ ತಗಂಡೆ. ಹುಣ್ಣಿಮೆ ಗಂಟ ಏನೂ ತಾಪತ್ರಯ ಇರಲಿಲ್ಲ. ಆಮ್ಯಾಕೆ ಚಂದ್ರ ಬರೋದು ತಡ ಆಯ್ತಾ ಹೋತು. ಕಾಯ್ಕಂಡು ಕೂತ್ಕಂತಿದ್ದೆ. ಮೊನ್ನೆ ಚತುರ್ದಶಿ ದಿನ ಚಂದ್ರ ಸೂರ್ಯ ಒಟ್ಟಿಗೇ ಬಂದ್ರು, ಎರಡನ್ನೂ ಒಟ್ಟಿಗೇ ನುಂಗ್ದೆ."

ರಾಜಲಕ್ಷ್ಮಮ್ಮ ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು. ಬರೆದು ಮುಗಿಸಿ, ಹಿಂದಿನ ಹಾಳೆ ತಿರುವಿ, 'ಜ್ಞಾಪಕಶಕ್ತಿ ಕಡಿಮೆ' ಎಂದಿದ್ದ ಕಡೆ ಗೆರೆ ಎಳೆದಳು. "ತಪ್ಪು ನಿಮ್ಮದಲ್ಲ ಯತ್ತಪ್ಪನವರೇ. ನಾನು ಚಂದ್ರನ್ನ ಸರಿಯಾಗಿ ನೋಡಿಯೇ ಇರಲಿಲ್ಲ" ಎಂದಳು.

ಚಿಕ್ಕಹನುಮಯ್ಯನವರಿಗೆ ಬೆಳಗಿನಿಂದ ಆದ ಅವಮಾನಕ್ಕೆ ಕೊನೆಯ ಒಂದು ಊರುಗೋಲು ಬೇಕಿತ್ತು.

"ನಿಂಗೆ ನಾನು ಬಾಯಲ್ಲೇ ಹೇಳಬೇಕಿತ್ತು ಕಣ್ಲಾ ಯತ್ತ. ಹೇಳಿದ್ದಿದ್ರೆ ನೀನು ಸರಿಯಾಗಿ ತಗಂತಿದ್ದೆ" ಎಂದರು.

ಯತ್ತಪ್ಪ ಮುಳ್ಳಿನ ಕೊಂಬೆಯೊಂದನ್ನು ಕೈಯಲ್ಲಿ ಹಿಡಿದು ನೆಲ ನೋಡುತ್ತ ಕುಳಿತಿದ್ದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

"ನಮ್ಮಕ್ಕನಿಗೆ ಬಾಯಲ್ಲೇ ಹೇಳಿದ್ರಲ್ಲ ಸಾಮಿ. ಪಾಪ, ನೀವು ಹೇಳ್ದಂಗೇ ತಗಂಡ್ಳು."

"ಮೂವತ್ತು ಮೂವತ್ತು ಉಳಿಸ್ಕಂಡು ಬರ್ತಿದ್ಲಲ್ಲೋ."

"ಅವಳು ಒಪ್ಪೊತ್ತು ಇದ್ಲು" ಎಂದ ಯತ್ತಪ್ಪ. "ನಮ್ಮ ಮಂದೆಗೆ ಬ್ಯಾನೆ ಬಂದು ಕುರಿ ಸಾಯ್ತಿದ್ದಾಗ ದೇವ್ರಿಗೆ ಹರಕೆ ಹೊತ್ಕಂಡಿದ್ಲು. ಮೂರು ವರ್ಷ ದಿನಕ್ಕೆ ಒಂದೇ ಊಟ ಅಂತ. ಅವಳು ರಾತ್ರಿ ಉಣ್ತಿರಲಿಲ್ಲ. ನೀವು ರಾತ್ರಿ ಉಂಡ ಮ್ಯಾಲೆ ಅಂದ್ರಿ, ಬರೀ ಹೊಟ್ಟೇಲಿ ನುಂಗಿದ್ರೆ ಕರುಳು ಸುಟ್ಟೋಗ್ತದೆ ಅಂದ್ರಿ. ಉಣ್ಣದೆ ಇರೋಳು ಹೆಂಗೆ ನುಂಗ್ಯಾಳು? ಅದಕ್ಕೇ ರಾತ್ರಿದು ಎತ್ತಿಟ್ಟು ನಿಮಗೇ ವಾಪಸ್ ತಂದುಕೊಡ್ತಿದ್ಲು. ಸರ್ಕಾರದ್ದು, ದಂಡ ಆಗಬಾರದು ಅಂತ."

"ನನಗೆ ಯಾಕೆ ಹೇಳಲಿಲ್ಲ ಅವಳು?" ಚಿಕ್ಕಹನುಮಯ್ಯನವರ ದನಿ ಅವರಿಗೇ ಕೇಳಿಸದಷ್ಟು ಸಣ್ಣಗಾಗಿತ್ತು.

"ಹರಕೆ ಬಾಯಿಬಿಟ್ಟು ಹೇಳಬಾರದು ಕದಾ ಸಾಮಿ. ಹೇಳಿದ್ರೆ ಫಲ ಇಲ್ಲ. ನಮಗೇ ಅವಳು ಹೇಳಿದ್ದು ಕೊನೇ ದಿನ."

ಕುರಿಗಳು ಒಂದೊಂದಾಗಿ ರೊಪ್ಪದ ಕಡೆ ಬರುತ್ತಿದ್ದವು. ಯತ್ತಪ್ಪ ಎದ್ದು ಬಾಗಿಲಿಗಿಟ್ಟ ಮುಳ್ಳಿನ ತಡಿಕೆ ಸರಿಸಿ ಎಣಿಸುತ್ತ ಒಳಬಿಟ್ಟ. ಚಿಕ್ಕಹನುಮಯ್ಯನವರು ಕಂಬಳಿಯ ಮೇಲೆ ಹಾಗೇ ಕುಳಿತಿದ್ದರು. ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಹಲಗೆಯ ಮೇಲೆ ಇಡುತ್ತಿದ್ದ ಆ ಬೆರಳುಗಳು ಅವರ ಕಣ್ಣಿಗೆ ಕಟ್ಟಿದವು. ಸುಳ್ಳಿ ಎಂದಿದ್ದರು, ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದರು. ಎರಡು ವರ್ಷ ಅವಳ ಹೆಸರು ಹೇಳಿ ಊರಿಗೆಲ್ಲ ಹೆದರಿಸಿದ್ದರು. ರಾತ್ರಿ ಉಣ್ಣುತ್ತೀಯೇನಮ್ಮ ಎಂಬ ಒಂದು ಪ್ರಶ್ನೆಯನ್ನು ಐದು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವರು ಅತ್ತರು. ರಾಜಲಕ್ಷ್ಮಮ್ಮ ಬೇರೆ ಕಡೆ ನೋಡುತ್ತ ಕುಳಿತಳು.

ಎದ್ದು ಹೊರಡುವ ಮೊದಲು ಅವರು ಯತ್ತಪ್ಪನಿಗೆ ಭಾಷಣ ಮಾಡಲಿಲ್ಲ. ಅವನ ಪಕ್ಕ ರೊಪ್ಪದ ಬಾಗಿಲಲ್ಲಿ ನಿಂತು ಕೇಳಿದರು.

"ದಿನದಾಗೆ ಎರಡು ಸಲ, ಯಾವತ್ತೂ ತಪ್ಪದೆ ನೀನು ಮಾಡೋ ಕೆಲಸ ಯಾವುದಪ್ಪ?"

"ಹೊತ್ತಾರೆ ತಡಿಕೆ ತೆಗೀತೀನಿ. ಸಂಜೆ ತಡಿಕೆ ಮುಚ್ತೀನಿ" ಎಂದ ಯತ್ತಪ್ಪ.

"ಅಮಾಸೆಗೂ?"

"ಅಮಾಸೆ ಅಂತ ಕುರಿ ಹೊರಗೆ ಬುಡಕ್ಕಾಯ್ತದಾ ಸಾಮಿ?" ಎಂದು ಅವನು ನಕ್ಕ. ನಗುತ್ತಿದ್ದಂತೆಯೇ ವಿಷಯ ತಿಳಿದು ಅವನ ಕೈ ಜೇಬಿಗೆ ಹೋಯಿತು. ಒಂದು ಮಾತ್ರೆ ತೆಗೆದು, ಇದ್ದ ಅರ್ಧ ಮುದ್ದೆಯನ್ನು ತಿಂದು, ಅವರ ಎದುರಿಗೇ ನುಂಗಿದ. ರಾಜಲಕ್ಷ್ಮಮ್ಮ ಲಕೋಟೆಯ ಹಿಂಬದಿಯ ಬಿಳಿ ಜಾಗದಲ್ಲಿ ತೆರೆದ ತಡಿಕೆ ಒಂದು, ಮುಚ್ಚಿದ ತಡಿಕೆ ಒಂದು ಬರೆದುಕೊಟ್ಟಳು. ಅವನು ಅದನ್ನು ಬಹಳ ಹೊತ್ತು ನೋಡಿ, ಮುಳ್ಳು ಸರಿಯಾಗಿ ಬಂದಿಲ್ಲ ಎಂದ.

ಮಾರನೆಯ ವಾರದಿಂದ ಕಿಟಕಿಯಲ್ಲಿ ಸಾಲು ನಿಧಾನವಾಯಿತು. ಜನ ಗೊಣಗಿದರು. ಚಿಕ್ಕಹನುಮಯ್ಯನವರು ಪ್ರತಿಯೊಬ್ಬರನ್ನೂ ಮೊದಲು ನಿನ್ನ ದಿನ ಹೆಂಗೆ ಹೋಗ್ತದೆ ಎಂದು ಕೇಳುತ್ತಿದ್ದರು. ಹೇಳಿದ ಮೇಲೆ, ನಾನೇನ್ ಹೇಳಿದೆ ಈಗ ನೀನು ಹೇಳು ಎನ್ನುತ್ತಿದ್ದರು. ರಾಜಲಕ್ಷ್ಮಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಚಿತ್ರವಿಲ್ಲದ ಖಾಲಿ ಲಕೋಟೆಯ ಮೇಲೆ ಅವರವರು ಹೇಳಿದ ಗುರುತನ್ನು ಬರೆದುಕೊಡುತ್ತಿದ್ದಳು. ಯಾರಿಗೋ ಹಾಲಿನ ತಂಬಿಗೆ, ಯಾರಿಗೋ ಸ್ಕೂಲಿನ ಗಂಟೆ. ಪ್ರಾಜೆಕ್ಟನ್ನು ಮೇಷ್ಟರು ತೆಗೆದುಕೊಳ್ಳುತ್ತಾರೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಕೆಟ್ಟ ಪ್ರಯೋಗ ಹೇಗೆ ಕೆಟ್ಟಿತು ಎಂದೇ ನಲವತ್ತು ಪುಟ ಬರೆದಿದ್ದಳು.

ಅವಳು ಊರಿಗೆ ಹೊರಡುವ ದಿನ ಸಂಜೆ ಚಿಕ್ಕಹನುಮಯ್ಯನವರು ಬೀರುವಿನಿಂದ ಎಂಬತ್ತೆರಡನೇ ಇಸವಿಯ ರಿಜಿಸ್ಟರನ್ನು ತೆಗೆದು ಧೂಳು ಒರೆಸಿದರು. ಭೀಮಕ್ಕ, ಗೊಲ್ಲರಹಟ್ಟಿ. ಕೊನೆಯ ಕಲಮಿನಲ್ಲಿ ಐದು ಕಡೆ ಕೆಂಪು ಶಾಯಿ, ಅವರದೇ ದುಂಡನೆಯ ಅಕ್ಷರ. ಸ್ಕೇಲು ಇಟ್ಟು ಐದರ ಮೇಲೂ ಗೆರೆ ಎಳೆದರು.

"ಸರ್ಕಾರದ ರಿಜಿಸ್ಟರು ಸಾರ್. ತಿದ್ದಬಹುದಾ?" ಎಂದು ರಾಜಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು.

"ತಿದ್ದಿದೋನ ರುಜು ಇದ್ರೆ ತಿದ್ದಬೋದು" ಎಂದರು.

ನೀಲಿ ಶಾಯಿಯ ಪೆನ್ನು ತೆರೆದು, ಆ ಹೆಸರಿನ ಮುಂದೆ ಉಳಿದಿದ್ದ ಚೂರು ಜಾಗದಲ್ಲಿ ನಿಧಾನವಾಗಿ ಬರೆದರು. 'ಹೇಳಿದಂತೆಯೇ ತೆಗೆದುಕೊಂಡಿದ್ದಾರೆ. ಹೇಳಿದ್ದು ಸರಿಯಿರಲಿಲ್ಲ.' ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು, ತಾರೀಖು ಹಾಕಿ, ಶಾಯಿ ಆರುವವರೆಗೆ ರಿಜಿಸ್ಟರನ್ನು ತೆರೆದೇ ಇಟ್ಟುಕೊಂಡು ಕುಳಿತರು.